ಮಂಡ್ಯದಿಂದ ಮಳವಳ್ಳಿಗೆ ಒಂದು ಮ್ಯಾರಥಾನ್

ನಮ್ಮ ಕಡೆ ಈಗ ಯಾವ ಓಟವಾದರೂ ಅದು ಮ್ಯಾರಥಾನ್. ನಾಲ್ಕು ಜನ ಒಂದೇ ಬಣ್ಣದ ಟೀ ಶರ್ಟ್ ತೊಟ್ಟು ಬೆಳಿಗ್ಗೆ ರಸ್ತೆಗಿಳಿದರೆ ಸಾಕು, ಮಾರನೆಯ ದಿನ ಪತ್ರಿಕೆಯಲ್ಲಿ 'ಮ್ಯಾರಥಾನ್‌ಗೆ ಚಾಲನೆ' ಎಂದು ಬರುತ್ತದೆ. ಆದರೆ ಮಕ್ಕಳೇ, ನಿಜವಾದ ಮ್ಯಾರಥಾನ್‌ಗೆ ಒಂದು ಅಳತೆ ಇದೆ: 42 ಕಿಲೋಮೀಟರ್ 195 ಮೀಟರ್. ಅದಕ್ಕಿಂತ ಕಡಿಮೆಯಾದರೆ ಅದು ಅರ್ಧ ಮ್ಯಾರಥಾನ್ ಇರಬಹುದು, ಹತ್ತು ಕಿಲೋಮೀಟರ್ ಓಟ ಇರಬಹುದು, ಪೂರ್ಣ ಮ್ಯಾರಥಾನ್ ಅಲ್ಲ.

42 ಕಿಲೋಮೀಟರ್ ಎಂದರೆ ಎಷ್ಟು ದೂರ? ಪುಸ್ತಕದಲ್ಲಿ ಓದಿದರೆ ಅದು ಬರೀ ಸಂಖ್ಯೆ. ನಮ್ಮ ಜಿಲ್ಲೆಯ ರಸ್ತೆಯ ಮೇಲೆ ಇಟ್ಟು ನೋಡಿದರೆ ಕಾಲಿಗೆ ಅರ್ಥವಾಗುತ್ತದೆ. ಬನ್ನಿ, ಒಮ್ಮೆ ಮನಸ್ಸಿನಲ್ಲೇ ಓಡಿ ನೋಡೋಣ. ಮಂಡ್ಯದಿಂದ ಹೊರಟು ಮದ್ದೂರು ಮುಟ್ಟುವುದು, ಅಲ್ಲಿ ಬಲಕ್ಕೆ ತಿರುಗಿ ಮಳವಳ್ಳಿಯ ದಾರಿ ಹಿಡಿಯುವುದು.

ಮೂರು ಊರು, ಒಂದು ಓಟ

ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಿಂದ ಶುರು ಮಾಡೋಣ. ಮಂಡ್ಯ ಎಂದರೆ ಸಕ್ಕರೆ. ಇಲ್ಲಿನ ಮೈಷುಗರ್ ಕಾರ್ಖಾನೆ ಕೆಲಸ ಆರಂಭಿಸಿದ್ದು 1933ರಲ್ಲಿ. ಅದರ ಹಿಂದೆ ಇದ್ದವರಲ್ಲಿ ಮುಖ್ಯರು ಲೆಸ್ಲಿ ಕೋಲ್ಮನ್. ಅವರು ಕೆನಡಾ ದೇಶದವರು, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದರು. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದು, ರಾಗಿ, ಹುರುಳಿ ಬೆಳೆಯುತ್ತಿದ್ದ ಬಯಲು ಕಬ್ಬು, ಭತ್ತದ ಗದ್ದೆಯಾಯಿತು. ಮಂಡ್ಯ ಜಿಲ್ಲೆಯಾದದ್ದು ಅದಾದ ಮೇಲೆ, 1939ರಲ್ಲಿ.

ಬೆಂಗಳೂರಿನ ಕಡೆಗೆ ಮುಖ ಮಾಡಿ ಓಡುತ್ತಾ ಹೋಗಿ. ಹೊಸ ಹೆದ್ದಾರಿಯ ನಡುವಿನ ದಾರಿಯಲ್ಲಿ ಬೈಕಿಗೂ ಆಟೋಗೂ ಪ್ರವೇಶವಿಲ್ಲ, ಓಡುವವರನ್ನಂತೂ ಬಿಡುವುದಿಲ್ಲ. ಹಾಗಾಗಿ ಹಳೆಯ ರಸ್ತೆಯೇ ನಮಗೆ ಗತಿ. ಹತ್ತು ಕಿಲೋಮೀಟರ್ ದಾಟಿ ಇನ್ನಷ್ಟು ಮುಂದೆ ಹೋದರೆ ಗೆಜ್ಜಲಗೆರೆ. ಅಲ್ಲಿ ಮನ್‌ಮುಲ್ ಹಾಲಿನ ಡೇರಿ ಇದೆ. ಜಿಲ್ಲೆಯ ಹಳ್ಳಿಹಳ್ಳಿಯ ಹಾಲು ಬಂದು ಸೇರುವುದು ಅಲ್ಲಿಗೇ. ಒಂದು ಲೀಟರ್, ಎರಡು ಲೀಟರ್ ಎಂದು ಹೆಂಗಸರು ಸಂಘಕ್ಕೆ ಹಾಕಿದ ಹಾಲು ಟ್ಯಾಂಕರ್ ಟ್ಯಾಂಕರ್ ಆಗಿ ಹೊರಗೆ ಹೋಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮದ್ದೂರು ಮುಟ್ಟಿದಾಗ ಸುಮಾರು 20 ಕಿಲೋಮೀಟರ್, ಅಂದರೆ ಹತ್ತಿರ ಹತ್ತಿರ ಅರ್ಧ ಮ್ಯಾರಥಾನ್. ಇಲ್ಲಿ ವಡೆ ತಿನ್ನದೆ ಮುಂದೆ ಹೋಗುವವರುಂಟೆ? ರೈಲು ನಿಂತ ಕೂಡಲೇ ಬುಟ್ಟಿ ಹೊತ್ತು ಬರುತ್ತಿದ್ದ ವಡೆಯವರ ಕೂಗು ನನ್ನ ವಯಸ್ಸಿನವರ ಕಿವಿಯಲ್ಲಿ ಇನ್ನೂ ಇದೆ. ಆದರೆ ಮದ್ದೂರು ಬರೀ ವಡೆಯ ಊರಲ್ಲ. ಊರಿಗೆ ಅಂಟಿಕೊಂಡಿರುವ ಶಿವಪುರದಲ್ಲಿ ಸತ್ಯಾಗ್ರಹ ಸೌಧ ಇದೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನವರು ನಿಷೇಧವನ್ನು ಮೀರಿ ರಾಷ್ಟ್ರಧ್ವಜ ಹಾರಿಸಿದ ಜಾಗ ಅದು. ಸುತ್ತಲ ಹಳ್ಳಿಗಳಿಂದ ಸಾವಿರಾರು ಜನ ಬಂದು ಸೇರಿದ್ದರು.

ಮದ್ದೂರಿನಿಂದ ಮಳವಳ್ಳಿಗೆ ಸುಮಾರು 25 ಕಿಲೋಮೀಟರ್. ನಡುವೆ ಕೆ.ಎಂ. ದೊಡ್ಡಿ. ಭಾರತೀನಗರ ಎಂದರೂ ಅದೇ. ಅಲ್ಲೂ ಸಕ್ಕರೆ ಕಾರ್ಖಾನೆ ಇದೆ. ಕಬ್ಬಿನ ಗಾಡಿ, ಟ್ರ್ಯಾಕ್ಟರುಗಳ ನಡುವೆ ಜಾಗ ಮಾಡಿಕೊಂಡು ಓಡಬೇಕು. ಮ್ಯಾರಥಾನ್ ಓಡುವವರು 30 ಕಿಲೋಮೀಟರ್ ದಾಟಿದ ಮೇಲೆ ಮೈಯಲ್ಲಿ ಕೂಡಿಟ್ಟ ಶಕ್ತಿ ಮುಗಿದು ಕಾಲು ಸೀಸದಂತಾಗುತ್ತದೆ ಎನ್ನುತ್ತಾರೆ. ನಮ್ಮ ಲೆಕ್ಕಕ್ಕೆ ಆ ಜಾಗ ಕೆ.ಎಂ. ದೊಡ್ಡಿ. ಅಲ್ಲಿಂದ ಮುಂದೆ ಓಡುವುದು ಕಾಲಲ್ಲ, ಮನಸ್ಸು. ಇನ್ನೇನು ಮಳವಳ್ಳಿ ಬಂತು, ಮಾರೆಹಳ್ಳಿಯ ಲಕ್ಷ್ಮೀನರಸಿಂಹ ಸ್ವಾಮಿಗೆ ಕೈಮುಗಿಯೋಣ ಎನ್ನುವ ಹೊತ್ತಿಗೆ 42 ಕಿಲೋಮೀಟರ್ ಮುಗಿದಿರುತ್ತದೆ. ಬಸ್ಸಿನಲ್ಲಿ ಕೂತು ಹೋದರೂ ಸೊಂಟ ಹಿಡಿಯುವಷ್ಟು ದೂರ ಅದು. ಅದನ್ನು ಎರಡು ಗಂಟೆ ಚಿಲ್ಲರೆಯಲ್ಲಿ ಓಡಿ ಮುಗಿಸುವವರೂ ಇದ್ದಾರೆ.

ಈ ಅಳತೆ ಬಂದದ್ದು ಹೇಗೆ?

ಕ್ರಿಸ್ತಪೂರ್ವ 490ರಲ್ಲಿ ಗ್ರೀಸ್ ದೇಶದ ಮ್ಯಾರಥಾನ್ ಎಂಬ ಬಯಲಿನಲ್ಲಿ ಯುದ್ಧವಾಯಿತು. ಗೆದ್ದ ಸುದ್ದಿಯನ್ನು ಒಬ್ಬ ದೂತ ಅಥೆನ್ಸ್ ನಗರದವರೆಗೆ ಓಡಿ ಬಂದು ತಿಳಿಸಿ ಅಲ್ಲೇ ಪ್ರಾಣಬಿಟ್ಟ ಎಂಬುದು ಐತಿಹ್ಯ. 1896ರಲ್ಲಿ ಅಥೆನ್ಸಿನಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆದಾಗ ಆ ನೆನಪಿಗಾಗಿ ಸುಮಾರು 40 ಕಿಲೋಮೀಟರ್ ಓಟ ಇಟ್ಟರು. ಗೆದ್ದವನು ಸ್ಪಿರಿಡಾನ್ ಲೂಯಿಸ್, ನೀರು ಹೊತ್ತು ಮಾರುತ್ತಿದ್ದ ಸಾಮಾನ್ಯ ಮನುಷ್ಯ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಶುರುವಾಗಿ ಕ್ರೀಡಾಂಗಣದಲ್ಲಿ ರಾಜಮನೆತನದವರು ಕುಳಿತ ಜಾಗದ ಎದುರು ಓಟ ಮುಗಿಯುವಂತೆ ದಾರಿ ಅಳೆದರು. ಅದು 42.195 ಕಿಲೋಮೀಟರ್ ಆಯಿತು. 1921ರಲ್ಲಿ ಅದನ್ನೇ ಅಧಿಕೃತ ದೂರವೆಂದು ನಿಗದಿ ಮಾಡಿದರು.

ಓಟಕ್ಕೂ ದಾನಕ್ಕೂ ನಂಟು

ಓಡುವುದಕ್ಕೂ ದಾನಕ್ಕೂ ಏನು ಸಂಬಂಧ? ಇದಕ್ಕೆ ಇಬ್ಬರ ಕಥೆ ಹೇಳಬೇಕು. ಒಬ್ಬ ಮಕ್ಕಳಿಗಾಗಿ, ಇನ್ನೊಬ್ಬರು ತಾತಂದಿರಿಗಾಗಿ.

ಟೆರ್ರಿ ಫಾಕ್ಸ್ ಕೆನಡಾದ ಹುಡುಗ, ನಮ್ಮ ಕೋಲ್ಮನ್ ಸಾಹೇಬರ ದೇಶದವನು. ಕ್ಯಾನ್ಸರ್‌ನಿಂದಾಗಿ ಅವನ ಬಲಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಿದ್ದರು. 1980ರ ಏಪ್ರಿಲ್ 12ರಂದು ಅವನು ಕೃತಕ ಕಾಲಿನಲ್ಲಿ ಕೆನಡಾ ದೇಶವನ್ನು ಅಡ್ಡಲಾಗಿ ಓಡಲು ಹೊರಟ. ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನ್ ದೂರ. ಕ್ಯಾನ್ಸರ್ ಸಂಶೋಧನೆಗಾಗಿ ದೇಶದ ಪ್ರತಿಯೊಬ್ಬರೂ ಒಂದೊಂದು ಡಾಲರ್ ಕೊಡಲಿ ಎಂಬುದು ಅವನ ಆಸೆ. 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ ಮೇಲೆ ರೋಗ ಶ್ವಾಸಕೋಶಕ್ಕೆ ಹರಡಿದ್ದು ಗೊತ್ತಾಗಿ ನಿಲ್ಲಿಸಬೇಕಾಯಿತು. ಅವನು ಓಟ ಮುಗಿಸಲಿಲ್ಲ. ಆದರೆ ಮುಂದಿನ ಫೆಬ್ರವರಿಯ ಹೊತ್ತಿಗೆ ನಿಧಿಯಲ್ಲಿ 2 ಕೋಟಿ 40 ಲಕ್ಷ ಡಾಲರ್ ದಾಟಿತ್ತು. ಆಗ ಕೆನಡಾದ ಜನಸಂಖ್ಯೆ ಇದ್ದದ್ದೂ ಸುಮಾರು ಅಷ್ಟೇ. ಅವನು ಕೇಳಿದಂತೆಯೇ ತಲೆಗೊಂದು ಡಾಲರ್! 1981ರ ಜೂನ್‌ನಲ್ಲಿ ತೀರಿಕೊಂಡಾಗ ಅವನಿಗೆ ಇನ್ನೂ 22 ವರ್ಷ.

ಎರಡನೆಯವರು ಪಂಜಾಬಿನ ಫೌಜಾ ಸಿಂಗ್. ಜಲಂಧರದ ಹತ್ತಿರದ ಬಿಯಾಸ್ ಪಿಂಡ್ ಎಂಬ ಹಳ್ಳಿಯ ರೈತ. ಹೆಂಡತಿ, ಮಗನನ್ನು ಕಳೆದುಕೊಂಡ ದುಃಖದಲ್ಲಿ ಇಂಗ್ಲೆಂಡಿನಲ್ಲಿದ್ದ ಇನ್ನೊಬ್ಬ ಮಗನ ಮನೆ ಸೇರಿದ ಮೇಲೆ ಅವರು ಓಟ ಹಿಡಿದರು. 2000ದ ಇಸವಿಯಲ್ಲಿ, ತಮ್ಮ 89ನೇ ವಯಸ್ಸಿನಲ್ಲಿ, ಲಂಡನ್ ಮ್ಯಾರಥಾನ್ ಓಡಿದರು. ಯಾರಿಗಾಗಿ? ದಿನ ತುಂಬುವ ಮೊದಲೇ ಹುಟ್ಟಿದ ಹಸುಗೂಸುಗಳಿಗೆ ನೆರವಾಗುವ ಬ್ಲಿಸ್ ಎಂಬ ಸಂಸ್ಥೆಗಾಗಿ. ಎಲ್ಲರಿಗಿಂತ ಹಿರಿಯ ತಾತ ಎಲ್ಲರಿಗಿಂತ ಕಿರಿಯ ಕೂಸುಗಳಿಗಾಗಿ ಓಡಿದ್ದು! 2011ರಲ್ಲಿ ಟೊರಾಂಟೊದಲ್ಲಿ ಎಂಟು ಗಂಟೆಗೂ ಮೀರಿ ಓಡಿ, ನಡೆದು, ಮ್ಯಾರಥಾನ್ ಮುಗಿಸಿದಾಗ ಅವರಿಗೆ ನೂರು ವರ್ಷ. ಜನನ ಪ್ರಮಾಣಪತ್ರ ಇಲ್ಲವೆಂದು ಗಿನ್ನೆಸ್ ಪುಸ್ತಕದವರು ಆ ದಾಖಲೆಯನ್ನು ಸೇರಿಸಿಕೊಳ್ಳಲಿಲ್ಲ. ನಮ್ಮ ಹಳ್ಳಿಗಳಲ್ಲಿ ನೂರು ವರ್ಷದ ಹಿಂದೆ ಹುಟ್ಟಿದ ಯಾರ ಬಳಿ ತಾನೆ ಆ ಕಾಗದ ಇದೆ? 2025ರ ಜುಲೈನಲ್ಲಿ ತಮ್ಮ ಹಳ್ಳಿಯ ರಸ್ತೆ ದಾಟುವಾಗ ವಾಹನ ಬಡಿದು ಅವರು ತೀರಿಕೊಂಡರು.

ಇವರು ಓಡಿದ್ದು ಬಹುಮಾನಕ್ಕಲ್ಲ. ದೊಡ್ಡ ನಗರಗಳ ಓಟಗಳು ದಾನದ ಹಬ್ಬವಾದದ್ದು ಇಂಥವರಿಂದಲೇ. 1981ರಲ್ಲಿ ಶುರುವಾದ ಲಂಡನ್ ಮ್ಯಾರಥಾನ್ ಇದುವರೆಗೆ ಸಂಗ್ರಹಿಸಿರುವ ದಾನ ನೂರು ಕೋಟಿ ಪೌಂಡ್ ದಾಟಿದೆ. ಅದರ ಮೊದಲ ವರ್ಷ ಮುಂದಿದ್ದ ಇಬ್ಬರು ಓಟಗಾರರು, ಒಬ್ಬ ಅಮೆರಿಕದವನು, ಇನ್ನೊಬ್ಬ ನಾರ್ವೆಯವನು, ಕೈ ಕೈ ಹಿಡಿದು ಒಟ್ಟಿಗೇ ಗೆರೆ ದಾಟಿದರು. ನಮ್ಮ ದೇಶದಲ್ಲಿ ಮುಂಬೈ ಮ್ಯಾರಥಾನ್ 2004ರಲ್ಲಿ ಆರಂಭವಾಯಿತು, ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ 2008ರಲ್ಲಿ. ಈಗ ಟಿಸಿಎಸ್ ವರ್ಲ್ಡ್ 10ಕೆ ಎಂದು ಕರೆಯುವುದು ಅದನ್ನೇ.

ಹೂವಿನಜ್ಜಿಯ ಇಪ್ಪತ್ತು ರೂಪಾಯಿ

ಬೆಂಗಳೂರಿನಲ್ಲಿ ಪಿಯುಸಿ ಓದುವ ನನ್ನ ಮಗಳ ಮಗಳು 2025ರ ಬೇಸಿಗೆಯಲ್ಲಿ ಆ ಓಟಕ್ಕೆ ಹೆಸರು ಕೊಟ್ಟಳು. ಪೂರ್ತಿ ಹತ್ತು ಕಿಲೋಮೀಟರ್ ಅಲ್ಲ. ಅದೇ ದಿನ 'ಮಜ್ಜಾ ರನ್' ಎಂದು ಐದಾರು ಕಿಲೋಮೀಟರ್‌ನ ಒಂದು ಖುಷಿಯ ಓಟವೂ ಇರುತ್ತದೆ, ಅದಕ್ಕೆ. ಕಿವಿ ಕೇಳಿಸದ ಮಕ್ಕಳ ಒಂದು ಶಾಲೆಗಾಗಿ ಹಣ ಕೂಡಿಸುತ್ತೇನೆ ಎಂದು ಪಣ ತೊಟ್ಟಿದ್ದಳು. ರಜೆಗೆ ಮಂಡ್ಯಕ್ಕೆ ಬಂದವಳು, "ತಾತ, ನೀವು ಬ್ಯಾಂಕಿನಲ್ಲಿದ್ದವರು. ಲೆಕ್ಕ ನೀವೇ ಬರೀಬೇಕು" ಎಂದು ಒಂದು ನೋಟ್ ಪುಸ್ತಕವನ್ನು ನನ್ನ ಕೈಗಿಟ್ಟಳು.

ಮೊದಲು ನಮ್ಮ ಬೀದಿ, ಆಮೇಲೆ ಮದ್ದೂರಿನಲ್ಲಿ ನನ್ನ ತಂಗಿಯ ಮನೆಯ ಸುತ್ತಮುತ್ತ, ಕೊನೆಗೆ ಮಳವಳ್ಳಿಯಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪರಿಚಯವಾದ ಅಂಗಡಿ ಸಾಲು. ಎಲ್ಲ ಕಡೆ ಒಂದೇ ಪ್ರಶ್ನೆ: "ಓಡೋದಕ್ಕೂ ದುಡ್ಡು ಕೊಡಬೇಕಾ?" ಒಬ್ಬ ರೈತರಂತೂ ನಕ್ಕುಬಿಟ್ಟರು. "ನಾನು ದಿನಾ ಗದ್ದೆ ಬದಿನ ಮೇಲೆ ಇದಕ್ಕಿಂತ ಜಾಸ್ತಿ ನಡೀತೀನಿ ಕಣವ್ವ, ನಂಗ್ಯಾರು ಕೊಟ್ಟಾರು?" ಎಂದರು. ನಗುತ್ತಲೇ ನೂರು ರೂಪಾಯಿ ಕೊಟ್ಟರು.

ನಮ್ಮ ಬೀದಿಗೆ ದಿನಾ ಸಂಜೆ ಮೊಳದ ಹೂವು ಮಾರಲು ಬರುವ ಅಜ್ಜಿಯೊಬ್ಬರಿದ್ದಾರೆ. ಅವರನ್ನು ಕೇಳಬಾರದು ಎಂದುಕೊಂಡಿದ್ದೆವು. ಜಗಲಿಯ ಮೇಲೆ ಪುಸ್ತಕ ಹಿಡಿದು ಕೂತಿದ್ದನ್ನು ಕಂಡು ಅವರೇ ವಿಚಾರಿಸಿದರು. ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ ಇಪ್ಪತ್ತು ರೂಪಾಯಿ ತೆಗೆದರು. ಕೊಡುವ ಮೊದಲು ನನ್ನ ಮುಖ ನೋಡಿ ಕೇಳಿದರು: "ಇದು ಆ ಮಕ್ಳಿಗೇ ಮುಟ್ತದಾ ಸ್ವಾಮಿ? ಮಧ್ಯದಲ್ಲಿ ಯಾರಾನ ನುಂಗಾಕಿಲ್ವಾ?"

ಮೂವತ್ತು ವರ್ಷಕ್ಕೂ ಮೀರಿ ಕೌಂಟರಿನ ಹಿಂದೆ ಕೂತಿದ್ದ ನನಗೆ ಇದಕ್ಕಿಂತ ಸರಿಯಾದ ಪ್ರಶ್ನೆ ಇನ್ನೊಂದಿಲ್ಲ ಎನಿಸಿತು. ಇಪ್ಪತ್ತು ರೂಪಾಯಿ ಅವರಿಗೆ ಒಂದು ಹೊತ್ತಿನ ಊಟ. ಅವರಿಗೆ 'ಮುಟ್ಟುತ್ತದೆ' ಎಂದು ಹೇಳಬೇಕಾದರೆ ಅದು ನನಗೆ ಗೊತ್ತಿರಬೇಕು, ನಂಬಿಕೆ ಮಾತ್ರ ಸಾಲದು. "ನಾಳೆ ತೊಗೋತೀನಿ ಅಜ್ಜಿ, ವಿಚಾರಿಸಿ ಹೇಳ್ತೀನಿ" ಎಂದು ಆ ದಿನ ಹಣ ವಾಪಸ್ ಕೊಟ್ಟೆ.

ಹಣ ಹೋಗುವ ದಾರಿ

ವಿಚಾರಿಸಿ ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಓಟಕ್ಕೆ ಹೆಸರು ಕೊಡುವಾಗ ಕಟ್ಟುವ ಶುಲ್ಕ ಬೇರೆ, ದಾನ ಬೇರೆ. ಶುಲ್ಕ ಓಟ ನಡೆಸುವ ಖರ್ಚಿಗೆ ಹೋಗುತ್ತದೆ. ಎದೆಗೆ ಅಂಟಿಸುವ ನಂಬರು, ಕಾಲ ಅಳೆಯುವ ಚಿಪ್ಪು, ನೀರು, ವೈದ್ಯರು ಇವೆಲ್ಲಕ್ಕೂ ದುಡ್ಡು ಬೇಕಲ್ಲ. ದಾನದ ಲೆಕ್ಕವೇ ಬೇರೆ. ಬೆಂಗಳೂರಿನ ಓಟದಲ್ಲಿ ಆ ಕೆಲಸವನ್ನು ನೋಡಿಕೊಳ್ಳುವುದು ಇಂಡಿಯಾ ಕೇರ್ಸ್ ಫೌಂಡೇಶನ್. ಸೇವಾ ಸಂಸ್ಥೆಗಳು ಅಲ್ಲಿ ಹೆಸರು ನೋಂದಾಯಿಸುತ್ತವೆ. ಓಟಗಾರ ಅವುಗಳಲ್ಲಿ ಒಂದನ್ನು ಆರಿಸಿಕೊಂಡು, ತನ್ನ ನೆಂಟರು, ಗೆಳೆಯರು, ಕಚೇರಿಯವರನ್ನು "ನಾನು ಓಡುತ್ತೇನೆ, ನೀವು ಈ ಸಂಸ್ಥೆಗೆ ಕೊಡಿ" ಎಂದು ಕೇಳುತ್ತಾನೆ. ಕಂಪನಿಗಳು ತಮ್ಮ ನೌಕರರ ತಂಡ ಕಳಿಸಿ ದೊಡ್ಡ ಮೊತ್ತ ಕೊಡುವುದೂ ಉಂಟು.

ಅಂದರೆ ಓಟ ಒಂದು ನೆಪ. ಸುಮ್ಮನೆ ಕೇಳಿದರೆ ಕೊಡದವರು, ಒಬ್ಬ ಹುಡುಗಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬೆವರು ಸುರಿಸುತ್ತಾಳೆ ಎಂದರೆ ಕೊಡುತ್ತಾರೆ. ಕೇಳುವವಳಿಗೂ ಸಂಕೋಚ ಕಡಿಮೆ, ತಾನೂ ಏನೋ ಕೊಡುತ್ತಿದ್ದೇನೆ ಎಂಬ ಧೈರ್ಯ.

ಮಾರನೆಯ ದಿನ ಶಾಲೆಯವರಿಗೆ ಫೋನ್ ಮಾಡಿ ನಾಲ್ಕು ವಿಷಯ ಕೇಳಿದೆ. ಸಂಸ್ಥೆಯ ನೋಂದಣಿ ಇದೆಯೆ? ಲೆಕ್ಕ ಪರಿಶೋಧನೆಯಾದ ಕಳೆದ ವರ್ಷದ ವರದಿ ಕಳಿಸುತ್ತೀರಾ? ಎಷ್ಟೇ ಸಣ್ಣ ಮೊತ್ತವಾದರೂ ರಸೀದಿ ಕೊಡುತ್ತೀರಾ? ಈ ಹಣದಲ್ಲಿ ಏನು ಕೊಳ್ಳುತ್ತೀರಿ? ಅವರು ಬೇಸರಿಸಿಕೊಳ್ಳಲಿಲ್ಲ. ವರದಿ ಕಳಿಸಿದರು. ನಗದು ಕೊಡುವವರಿಗಾಗಿ ಒಂದು ರಸೀದಿ ಪುಸ್ತಕವನ್ನೇ ಅಂಚೆಯಲ್ಲಿ ಕಳಿಸಿದರು. ಕೊನೆಯ ಪ್ರಶ್ನೆಗೆ ಅವರು ಕೊಟ್ಟ ಉತ್ತರ ನನಗೆ ಹೊಸದು. ಕಿವಿ ಮಿಷನ್ನು ಒಮ್ಮೆ ಕೊಡಿಸಿದರೆ ಮುಗಿಯುವುದಿಲ್ಲವಂತೆ. ಅದರ ಗುಂಡಿಯಂಥ ಬ್ಯಾಟರಿಯನ್ನು ವಾರ, ಹತ್ತು ದಿನಕ್ಕೊಮ್ಮೆ ಬದಲಿಸಬೇಕು. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಆಗ ಕಿವಿಯೊಳಗೆ ಕೂರುವ ಅಚ್ಚನ್ನು ಹೊಸದಾಗಿ ಮಾಡಿಸಬೇಕು. ಮಿಷನ್ ದಾನ ಮಾಡುವವರು ಸಿಗುತ್ತಾರೆ, ಬ್ಯಾಟರಿಗೆ ಯಾರೂ ಸಿಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಮಿಷನ್ ಬೀರುವಿನಲ್ಲಿರುತ್ತದೆ, ಮಗು ಮತ್ತೆ ಮೌನದಲ್ಲಿರುತ್ತದೆ.

ಇದನ್ನೆಲ್ಲ ಹೂವಿನಜ್ಜಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರೆ ದೀಪಕ್ಕೆ ಎಣ್ಣೆ ಇದ್ದಂಗೆ" ಎಂದರು. ನಾನು ಅರ್ಧ ಗಂಟೆ ಹೇಳಿದ್ದನ್ನು ಅವರು ಒಂದು ಮಾತಿನಲ್ಲಿ ಮುಗಿಸಿದ್ದರು. ಇಪ್ಪತ್ತು ರೂಪಾಯಿಗೆ ರಸೀದಿ ಹರಿದು ಕೊಟ್ಟೆ. ಅದನ್ನು ಮಡಿಸಿ ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡರು.

ಒಟ್ಟು 63 ಜನ ಕೊಟ್ಟರು. ಕಡಿಮೆ ಎಂದರೆ 10 ರೂಪಾಯಿ, ಹೆಚ್ಚೆಂದರೆ 2,000. ಕೂಡಿದಾಗ 18,640 ರೂಪಾಯಿ ಆಯಿತು. ಕಂಪನಿಗಳು ಕೊಡುವ ಲಕ್ಷಗಳ ಎದುರು ಇದೇನು ಎನ್ನಬೇಡಿ. ಗೆಜ್ಜಲಗೆರೆಯ ಡೇರಿಯನ್ನು ನೆನೆಸಿಕೊಳ್ಳಿ. ಬ್ಯಾಂಕಿನ ಚರಿತ್ರೆಯಲ್ಲೂ ಇಂಥದ್ದೊಂದು ಇದೆ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ಆರಂಭಿಸಿದಾಗ ದಿನಕ್ಕೆ ಎರಡಾಣೆ ಸಂಗ್ರಹಿಸಲು ಮನೆಮನೆಗೆ ಹೋಗುತ್ತಿದ್ದರು. ಎರಡಾಣೆ ಕೊಟ್ಟವರಿಂದಲೇ ಬ್ಯಾಂಕು ಬೆಳೆಯಿತು. ಹನಿಗೂಡಿ ಹಳ್ಳವಾದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಓಟದ ಬೆಳಗು

ಏಪ್ರಿಲ್ 27ರ ಭಾನುವಾರ ಓಟ. ಹಿಂದಿನ ದಿನ ಸಂಜೆಯ ರೈಲಿಗೆ ಮಂಡ್ಯ ಬಿಟ್ಟು ಮಗಳ ಮನೆ ಸೇರಿದೆವು. ಓಟದ ದಿನ ಜನರಿಗಾಗಿ ಮೆಟ್ರೋ ಬೇಗ ಓಡಿಸುತ್ತಾರೆ. ಕತ್ತಲಲ್ಲೇ ಹತ್ತಿದರೆ ಬೋಗಿಯ ತುಂಬ ಎದೆಗೆ ನಂಬರು ಅಂಟಿಸಿಕೊಂಡವರೇ. ಕಬ್ಬನ್ ರಸ್ತೆಯ ಮಾಣೆಕ್ ಷಾ ಪರೇಡ್ ಮೈದಾನ ಓಟದ ಕೇಂದ್ರ. ಗಣರಾಜ್ಯೋತ್ಸವದ ಪಥಸಂಚಲನ ನಡೆಯುವ ಮೈದಾನವೇ ಅದು.

ಸಾಮಾನ್ಯ ಜನರ ಹತ್ತು ಕಿಲೋಮೀಟರ್ ಓಟ ಬೆಳಕು ಹರಿಯುವ ಹೊತ್ತಿಗೇ ಆರಂಭ. ಸಾವಿರಾರು ಕಾಲುಗಳು ಒಟ್ಟಿಗೆ ರಸ್ತೆಗೆ ಬಡಿಯುವ ಸದ್ದು, ಗದ್ದೆಯ ಮೇಲೆ ಮಳೆ ಬರುವ ಸದ್ದಿನಂತೆ ದೂರದಿಂದಲೇ ಕೇಳುತ್ತದೆ. ಹಲಸೂರು ಕೆರೆಯ ಕಡೆ, ಕಬ್ಬನ್ ಪಾರ್ಕ್, ವಿಧಾನಸೌಧದ ಕಡೆ ಎಲ್ಲ ಓಟಗಾರರೇ. ಬೆಂಗಳೂರಿನ ಹೃದಯಭಾಗದಲ್ಲಿ ಹಾರನ್ ಸದ್ದಿಲ್ಲದ ಬೆಳಗು ಎಂಬುದೇ ಒಂದು ನೋಟ. ರಸ್ತೆ ಬದಿಯಲ್ಲಿ ಗೊತ್ತಿಲ್ಲದವರು ಗೊತ್ತಿಲ್ಲದವರಿಗೆ ಚಪ್ಪಾಳೆ ತಟ್ಟುತ್ತಾರೆ.

ಆಮೇಲೆ ಬಂದರು ಜಗತ್ತಿನ ಓಟಗಾರರು. ಆ ಸಲ ಗೆದ್ದವರು ಉಗಾಂಡಾದ ಜೋಶುವಾ ಚೆಪ್ಟೆಗೈ, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹತ್ತು ಸಾವಿರ ಮೀಟರ್ ಚಿನ್ನ ಗೆದ್ದವರು. ಹತ್ತು ಕಿಲೋಮೀಟರ್‌ಗೆ ತೆಗೆದುಕೊಂಡದ್ದು 27 ನಿಮಿಷ 53 ಸೆಕೆಂಡ್. ಲೆಕ್ಕ ಹಾಕಿ ನೋಡಿ ಮಕ್ಕಳೇ, ಒಂದು ಕಿಲೋಮೀಟರ್‌ಗೆ ಮೂರು ನಿಮಿಷವೂ ಇಲ್ಲ. ಅದೇ ವೇಗದಲ್ಲಿ ಓಡಿದರೆ ಮಂಡ್ಯದಿಂದ ಮದ್ದೂರಿಗೆ ಒಂದು ಗಂಟೆಯೂ ಬೇಡ. ನಾನು ನೌಕರಿಯ ಕಾಲದಲ್ಲಿ ಸೈಕಲ್ ತುಳಿದಾಗಲೂ ಆ ವೇಗ ಮುಟ್ಟಿರಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಅವರು ನಮ್ಮ ಮುಂದಿನಿಂದ ಹೋಗಿಬಿಟ್ಟಿದ್ದರು.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಹಿಂದೆ ಬಂದವರು. ಗಾಲಿಕುರ್ಚಿಯಲ್ಲಿ ಬಂದವರು, ಒಬ್ಬರ ಕೈಹಿಡಿದು ಓಡಿದ ಕಣ್ಣು ಕಾಣದವರು, ಪಂಚೆ ಎತ್ತಿ ಕಟ್ಟಿ ಕ್ಯಾನ್ವಾಸ್ ಬೂಟು ಹಾಕಿದ್ದ ನನ್ನ ವಯಸ್ಸಿನವರು. ಮಜ್ಜಾ ರನ್‌ನಲ್ಲಿ ವೇಷ ಹಾಕಿದವರು, ಫಲಕ ಹಿಡಿದವರು, ಡೋಲು ಬಡಿಯುತ್ತ ಕುಣಿದವರು. ನಮ್ಮ ಹುಡುಗಿ ಬೆನ್ನಿಗೆ ಒಂದು ರಟ್ಟು ಕಟ್ಟಿಕೊಂಡಿದ್ದಳು. ಅದರ ಮೇಲೆ 'ಮಂಡ್ಯ, ಮದ್ದೂರು, ಮಳವಳ್ಳಿಯ 63 ಜನರ ಪರವಾಗಿ' ಎಂದು ಬರೆದಿತ್ತು. ಓಡುತ್ತಿದ್ದವರೊಬ್ಬರು ಅದನ್ನು ಓದಿ, "ನಂದೂ ಮದ್ದೂರೇ ಕಣಮ್ಮ" ಎಂದು ಕೂಗಿ ಮುಂದೆ ಹೋದರಂತೆ.

ನಮ್ಮ ನೀರು, ನಮ್ಮ ಬೆಳಕು

ವಿಧಾನಸೌಧದ ಎದುರು ನಿಂತಾಗ ಒಂದು ಯೋಚನೆ ಬಂತು. ಬೆಂಗಳೂರಿನ ನಲ್ಲಿಗಳಲ್ಲಿ ಬರುವ ಕಾವೇರಿ ನೀರು ಎಲ್ಲಿಂದ ಬರುತ್ತದೆ ಗೊತ್ತೆ? ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಅಲ್ಲಿ ಶುದ್ಧೀಕರಿಸಿದ ನೀರನ್ನು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲಕ್ಕೆತ್ತಿ ಸುಮಾರು 100 ಕಿಲೋಮೀಟರ್ ದೂರ ಕಳಿಸುತ್ತಾರೆ. ಅಂದರೆ ಎರಡು ಮ್ಯಾರಥಾನ್‌ಗೂ ಹೆಚ್ಚು ದೂರ! ಮೊದಲ ಹಂತದ ನೀರು ನಗರ ಮುಟ್ಟಿದ್ದು 1974ರಲ್ಲಿ. ವಿದ್ಯುತ್ತೂ ಹಾಗೆಯೇ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿಸಿತು.

ನಮ್ಮ ಕಡೆಯವರಿಗೆ ಕೊಡುವುದು ಹೊಸದಲ್ಲ ಎಂದು ಹೇಳಲು ಇದನ್ನು ಬರೆದೆ. ನಡೆಯುವುದೂ ಹೊಸದಲ್ಲ. ಶಿವರಾತ್ರಿ ಬಂತೆಂದರೆ ಮಲೆ ಮಹದೇಶ್ವರ ಬೆಟ್ಟಕ್ಕೆ ಸಾವಿರಾರು ಜನ ಪಾದಯಾತ್ರೆ ಹೊರಡುತ್ತಾರೆ. ಒಂದು ದಂಡು ಕನಕಪುರದ ಕಡೆಯಿಂದ ಸಂಗಮದಲ್ಲಿ ಕಾವೇರಿ ದಾಟಿ ಕಾಡು ಹಾದು ಹೋಗುತ್ತದೆ. ಇನ್ನೊಂದು ದಂಡು ಮಳವಳ್ಳಿ, ಕೊಳ್ಳೇಗಾಲ, ಹನೂರು ಮಾರ್ಗವಾಗಿ. ದಿನಗಟ್ಟಲೆ ನಡಿಗೆ. ಅದಕ್ಕೆ ಎದೆಯ ಮೇಲೆ ನಂಬರಿಲ್ಲ, ಕೊನೆಯಲ್ಲಿ ಪದಕವಿಲ್ಲ. ದಾರಿಯುದ್ದಕ್ಕೂ ಹಳ್ಳಿಯವರು ಪೆಂಡಾಲು ಹಾಕಿ ಅನ್ನ, ಮಜ್ಜಿಗೆ, ಪಾನಕ ಕೊಡುತ್ತಾರೆ. ಕಾಲಿಗೆ ಬೊಬ್ಬೆ ಬಂದವರಿಗೆ ಎಣ್ಣೆ ತಿಕ್ಕುವವರೂ ಇರುತ್ತಾರೆ. ಅಲ್ಲಿ ನಡೆಯುವವರಿಗೆ ಕೊಡುತ್ತಾರೆ, ನಗರದಲ್ಲಿ ಓಡುವವರು ಬೇರೆಯವರಿಗಾಗಿ ಕೇಳುತ್ತಾರೆ. ವ್ಯತ್ಯಾಸ ಅಷ್ಟೇ. ಎರಡರಲ್ಲೂ ಒಬ್ಬರ ಕಾಲಿನ ಶ್ರಮ ಇನ್ನೊಬ್ಬರ ಕೈಯನ್ನು ಬಿಚ್ಚಿಸುತ್ತದೆ.

ನೀವೂ ಮಾಡಬಹುದು

ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕಿಲ್ಲ. ನಿಮ್ಮ ಶಾಲೆಯ ಮೈದಾನದ ಸುತ್ತಳತೆ 200 ಮೀಟರ್ ಇದ್ದರೆ ಐದು ಸುತ್ತಿಗೆ ಒಂದು ಕಿಲೋಮೀಟರ್. ನಲವತ್ತೆರಡು ಮಕ್ಕಳು ಒಬ್ಬೊಬ್ಬರು ಒಂದೊಂದು ಕಿಲೋಮೀಟರ್ ಓಡಿ, ಕೊನೆಗೆ ಮೇಷ್ಟ್ರು 195 ಮೀಟರ್ ನಡೆದರೆ ನಿಮ್ಮದೇ ಒಂದು ಮ್ಯಾರಥಾನ್ ಆಯಿತು! ಊರಿನ ಗ್ರಂಥಾಲಯಕ್ಕೆ ಪುಸ್ತಕ, ಕಿವಿ ಕೇಳಿಸದ ಗೆಳೆಯನಿಗೆ ಬ್ಯಾಟರಿ, ಏನಾದರೂ ಒಂದು ಉದ್ದೇಶ ಇಟ್ಟುಕೊಳ್ಳಿ. ದೊಡ್ಡವರ ಜೊತೆಯಲ್ಲೇ ಹೋಗಿ ಕೇಳಿ, ಒಬ್ಬರೇ ಹೋಗಬೇಡಿ. ಕೊಟ್ಟವರ ಹೆಸರು, ಮೊತ್ತ ಬರೆದುಕೊಳ್ಳಿ. ಮುಗಿದ ಮೇಲೆ ಎಲ್ಲರ ಎದುರು ಲೆಕ್ಕ ಓದಿ. ಲೆಕ್ಕ ಓದುವವರೆಗೆ ಓಟ ಮುಗಿದಿಲ್ಲ ಎಂದೇ ತಿಳಿಯಿರಿ.

ಅಜ್ಜ ಅಜ್ಜಿಯರಿಗೂ ಒಂದೆರಡು ಮಾತು. ಹುಮ್ಮಸ್ಸಿನಲ್ಲಿ ಒಮ್ಮೆಲೇ ಓಡಲು ಹೋಗಬೇಡಿ, ವೈದ್ಯರನ್ನು ಕೇಳಿ. ನಡೆದರೂ ಸಾಕು. ದಾನ ಕೊಡುವಾಗ ರಸೀದಿ ಕೇಳಲು ನಾಚಿಕೆ ಬೇಡ. 2,000 ರೂಪಾಯಿಗಿಂತ ಹೆಚ್ಚು ಕೊಡುವುದಾದರೆ ಚೆಕ್ಕು ಅಥವಾ ಬ್ಯಾಂಕಿನ ಮೂಲಕವೇ ಕೊಡಿ, ನಗದು ಕೊಟ್ಟರೆ ತೆರಿಗೆ ವಿನಾಯಿತಿಗೆ ಬರುವುದಿಲ್ಲ. ಬೇರೆಯವರಿಂದ ಕೂಡಿಸಿದ ಹಣಕ್ಕೆ ನಿಮ್ಮ ಹೆಸರಿನಲ್ಲಿ ರಸೀದಿ ಪಡೆದು ವಿನಾಯಿತಿ ತೆಗೆದುಕೊಳ್ಳುವುದು ಸಲ್ಲದು.

ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ಅವರಿಂದ ಒಂದು ಪತ್ರ ಬಂತು. ಎಷ್ಟು ಬ್ಯಾಟರಿ ಕೊಂಡರು, ಎಷ್ಟು ಮಕ್ಕಳಿಗೆ ಕಿವಿಯ ಅಚ್ಚು ಮಾಡಿಸಿದರು ಎಂದು ಅದರಲ್ಲಿ ಪಟ್ಟಿ ಇತ್ತು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಅದರ ಪ್ರತಿಗಳನ್ನು ಹಂಚಿದ್ದೇವೆ. ನಕ್ಕು ನೂರು ರೂಪಾಯಿ ಕೊಟ್ಟಿದ್ದ ರೈತರು ಅದನ್ನು ಓದಿಸಿ ಕೇಳಿ, "ಮುಂದಿನ ಸಲ ಯಾವಾಗ ಓಡ್ತೀರಿ?" ಎಂದು ವಿಚಾರಿಸಿದ್ದಾರೆ.